ತಾಯ್ನಾಡಿಗೆ ಮರಳಿದ ಪಾದ್ರಿಗಳು

ನಮ್ಮ ಹಟ್ಟಿಯ ಸೀಮೆಗೆ ಪರದೇಶದವರು ಬಂದುಹೋದ ಕಥೆಯು ಹೊಸದಲ್ಲ. ಪುರಾತನರು ಅಗೆದು ಬಿಟ್ಟಿದ್ದ ಚಿನ್ನದ ಗಣಿಯನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲೀಷ ಗಣಿಗಾರರು ಬಂದು ಮತ್ತೆ ತೆರೆದರು. ೧೯೨೦ರ ಸುಮಾರಿಗೆ ಆ ಕೆಲಸವನ್ನು ನಿಲ್ಲಿಸಿ ಹೊರಟುಹೋದರು. ಬಳಿಯ ಮಸ್ಕಿಯ ಗುಡ್ಡದಲ್ಲಿ ಅಶೋಕನ ಶಾಸನವನ್ನು ೧೯೧೫ರಲ್ಲಿ ಕಂಡು ಲೋಕಕ್ಕೆ ತಿಳಿಸಿದ ಬೀಡನ್ ಎಂಬವರೂ ಚಿನ್ನವನ್ನು ಅರಸುತ್ತ ಬಂದ ಗಣಿಯ ಇಂಜಿನಿಯರರೇ. ಅದಕ್ಕೂ ಮೊದಲು ಸುರಪುರದ ಬಾಲರಾಜನ ಕಾಲದಲ್ಲಿ ಸಂಸ್ಥಾನದ ಆಡಳಿತವನ್ನು ನೋಡಿಕೊಂಡು, ನಮ್ಮ ಭಾಗದ ಕಲ್ಲುಗೋರಿಗಳನ್ನು ಅಗೆಯಿಸಿ ಪರೀಕ್ಷಿಸಿದ ಮೆಡೋಸ್ ಟೇಲರರು ೧೮೬೦ರಲ್ಲಿ ತಮ್ಮ ನಾಡಿಗೆ ಮರಳಿದರು. ಹೀಗೆ ಬಂದವರು ಇಲ್ಲಿ ಏನು ಮಾಡಿದರೆಂಬದನ್ನು ನಾವು ಅಷ್ಟಿಷ್ಟು ಬಲ್ಲೆವು. ಆದರೆ ಹೋದವರು ಹೋದ ಮೇಲೆ ಏನಾದರೆಂಬದನ್ನು ಕೇಳಿದವರು ಬಹಳ ಕಡಿಮೆ. ಹಡಗು ಹತ್ತಿದೊಡನೆಯೇ ಅವರ ಕಥೆಯು ಮುಗಿಯಿತೆಂದು ನಾವು ತಿಳಿಯುತ್ತೇವೆ. ಅವರ ಪಾಲಿಗಾದರೋ ಅರ್ಧ ಕಥೆಯು ಅಲ್ಲಿಂದಲೇ ಆರಂಭವಾಗುತ್ತಿತ್ತು.

ಟೇಲರರ ಉದಾಹರಣೆಯನ್ನೇ ನೋಡಿರಿ. ಬಾಲ್ಯದಲ್ಲಿಯೇ ಹಿಂದುಸ್ಥಾನಕ್ಕೆ ಬಂದು, ಇಲ್ಲಿಯೇ ಬೆಳೆದು, ಮಧ್ಯವಯಸ್ಸನ್ನು ದಾಟಿ ಹಿಂತಿರುಗಿದ ಅವರ ದೇಹವೂ ಮನಸ್ಸೂ ದಣಿದಿದ್ದವು. ಅವರನ್ನು ಎತ್ತಿ ನಿಲ್ಲಿಸಿದ್ದು ಬರವಣಿಗೆ. ದಖ್ಖನದ ನೆಲದ ಕಥೆಯಾದ ‘ತಾರಾ’ ಎಂಬ ಕಾದಂಬರಿಯು ೧೮೬೩ರಲ್ಲಿ ಹೊರಬಂದಿತು. ಬಿಟ್ಟುಬಂದ ನಾಡಿನ ಕೆಲಸವನ್ನು ಯಾವ ರೂಪದಿಂದಾದರೂ ಕೈಯಲ್ಲಿ ಹಿಡಿದುಕೊಂಡವನೇ ತಾಯ್ನಾಡಿನಲ್ಲಿ ನೆಲೆಯೂರಬಲ್ಲನೆಂಬ ಮಾತಿಗೆ ಇದೊಂದು ನಿದರ್ಶನವು. ಟೇಲರರು ಸರಕಾರದ ಅಧಿಕಾರಿಗಳು. ಇದೇ ಮಾತು ಧರ್ಮಪ್ರಚಾರಕ್ಕಾಗಿ ಬಂದ ಪಾದ್ರಿಗಳಿಗೂ ಅವರ ಹೆಂಡಿರು ಮಕ್ಕಳಿಗೂ ಎಷ್ಟರಮಟ್ಟಿಗೆ ಸಲ್ಲುವದೆಂಬದನ್ನು ವಿಚಾರಿಸುವದೇ ಈ ಲೇಖನದ ಉದ್ದೇಶವು. ಅದಕ್ಕಾಗಿ ವಾಚಕರನ್ನು ನಮ್ಮ ಎಡೆದೊರೆ ನಾಡಿನಿಂದ ಕರಾವಳಿಗೆ, ಅಲ್ಲಿಂದ ಜರ್ಮನಿಗೆ ಕರೆದೊಯ್ಯಬೇಕಾಗಿದೆ.

ಸ್ವಿತ್ಸರ್ಲಂಡದ ಬಾಸೆಲ್ ಪಟ್ಟಣದಲ್ಲಿ ೧೮೧೫ರಲ್ಲಿ ಸ್ಥಾಪಿತವಾದ ಬಾಸೆಲ್ ಮಿಶನ್ ಸಂಸ್ಥೆಯ ಮೊದಲನೆಯ ಪಾದ್ರಿಗಳು ೧೮೩೪ರಲ್ಲಿ ಮಂಗಳೂರಿಗೆ ಬಂದರು. ೧೮೩೭ರಲ್ಲಿ ಧಾರವಾಡ, ೧೮೩೯ರಲ್ಲಿ ಹುಬ್ಬಳ್ಳಿ, ೧೮೪೧ರಲ್ಲಿ ಬೆಟಗೇರಿ, ೧೮೫೧ರಲ್ಲಿ ಗುಳೇದಗುಡ್ಡ, ಹೀಗೆ ಅವರ ಠಾಣ್ಯಗಳು ಘಟ್ಟದ ಮೇಲೆ ಹಬ್ಬಿದವು. ಹಟ್ಟಿಯಿಂದ ಪಶ್ಚಿಮಕ್ಕೆ ನೋಡಿದರೆ ಗುಳೇದಗುಡ್ಡವೇ ಈ ಠಾಣ್ಯಗಳಲ್ಲಿ ನಮಗೆ ಸಮೀಪದ್ದು. ಈ ಸಂಸ್ಥೆಯವರ ಅಚ್ಚುಕೂಟ, ಹಂಚಿನ ಕಾರಖಾನೆ, ಶಾಲೆ, ಪದಕೋಶಗಳ ವಿಷಯವನ್ನು ಕನ್ನಡಿಗರು ಬಲ್ಲರು. ಸಂಸ್ಥೆಯು ಸ್ವಿತ್ಸರ್ಲಂಡದ್ದಾದರೂ ಅದರ ಪಾದ್ರಿಗಳಲ್ಲಿ ಬಹುಮಂದಿ ದಕ್ಷಿಣ ಜರ್ಮನಿಯ ವ್ಯುರ್ಟೆಂಬರ್ಗ ಸಂಸ್ಥಾನದವರು. ಮೊಗ್ಲಿಂಗರೂ ಗುಂಡರ್ಟರೂ ಅಲ್ಲಿಯವರೇ. ಕಿಟ್ಟೆಲರು ಮಾತ್ರ ಉತ್ತರದ ಸಮುದ್ರತೀರದ ಪೂರ್ವ ಫ್ರೀಸ್‌ಲಂಡದವರು. ಅವರೂ ಕಡೆಯಲ್ಲಿ ವ್ಯುರ್ಟೆಂಬರ್ಗದಲ್ಲಿಯೇ ನೆಲೆಸಿದರು.

ಪಾದ್ರಿಯು ಊರು ಬಿಡುವಾಗ ಮರಳುವ ದಿನವನ್ನು ಗೊತ್ತುಮಾಡಿಕೊಂಡು ಬರುತ್ತಿದ್ದಿಲ್ಲ. ಆಫ್ರಿಕದ ತುದಿಯನ್ನು ಸುತ್ತಿ ಬರುವ ಹಡಗಿಗೆ ಮೂರು ನಾಲ್ಕು ತಿಂಗಳು ಹಿಡಿಯುತ್ತಿದ್ದ ಕಾಲವದು. ಸುಯೆಜ್ ಕಾಲುವೆಯು ತೆರೆದದ್ದು ೧೮೬೯ರಲ್ಲಿ. ಮದುವೆಯಾಗಬೇಕಾದರೂ ಬಾಸೆಲಿನ ಸಮಿತಿಯ ಅಪ್ಪಣೆ ಬೇಕಾಗಿತ್ತು. ಸಮಿತಿಯು ಒಪ್ಪಿದ ಕನ್ಯೆಯು ಮುಖವನ್ನೇ ಕಾಣದ ವರನಿಗಾಗಿ ಸಮುದ್ರವನ್ನು ದಾಟಿ ಬರುವದೂ ಉಂಟಾಗಿತ್ತು. ಹೀಗೆ ಕಟ್ಟಿದ ಸಂಸಾರವನ್ನು ಕಿತ್ತು ಹಿಂದಕ್ಕೆ ಕಳಿಸುತ್ತಿದ್ದದ್ದು ಬಹುಮಟ್ಟಿಗೆ ರೋಗವೇ. ಕೆಲಸವು ಮುಗಿಯಿತೆಂದು ಹೋದವರಿಗಿಂತ, ಕೆಲಸದ ನಡುವೆ ಎದ್ದು ಹೋದವರೇ ಹೆಚ್ಚು.

ತಂದೆತಾಯಿಗಳಿಗಿಂತ ಮೊದಲು ಮಕ್ಕಳು ಹೋಗುತ್ತಿದ್ದರು. ಈ ದೇಶದ ಸೆಕೆಯು ಕೂಸುಗಳಿಗೆ ಆಗದೆಂಬ ಭಯವೂ, ಯುರೋಪಿನ ವಿದ್ಯೆಯು ಇಲ್ಲಿ ದೊರೆಯದೆಂಬ ಚಿಂತೆಯೂ ಕೂಡಿ, ಶಾಲೆಯ ವಯಸ್ಸಿಗೆ ಬಂದ ಮಗುವನ್ನು ಹಡಗಿನಲ್ಲಿ ಕಳಿಸಿಬಿಡುವ ಪದ್ಧತಿಯು ಬೆಳೆಯಿತು. ಅಂಥ ಮಕ್ಕಳಿಗಾಗಿಯೇ ೧೮೫೦ರ ದಶಕದಲ್ಲಿ ಬಾಸೆಲಿನಲ್ಲಿ ಮಿಶನದ ಮಕ್ಕಳ ಮನೆಯು ಏರ್ಪಟ್ಟಿತು. ಆರೇಳು ವರ್ಷದ ಮಗುವು ಆಯಾಳ ಭಾಷೆಯನ್ನೂ ಅಂಗಳದ ತೆಂಗಿನ ಮರವನ್ನೂ ಬಿಟ್ಟು, ಹಿಮದ ಊರಿನ ದೊಡ್ಡ ಮನೆಯಲ್ಲಿ ತನ್ನಂಥ ಹತ್ತಾರು ಮಕ್ಕಳ ಸಾಲಿನಲ್ಲಿ ಮಲಗುವದು. ಮುಂದೆ ಹತ್ತು ವರ್ಷ ತಾಯಿಯ ಮುಖವನ್ನು ಕಾಣದಿರುವದು. ದೇವರ ಕೆಲಸಕ್ಕಾಗಿ ಮಾಡಿದ ತ್ಯಾಗವೆಂದು ಹಿರಿಯರು ಇದನ್ನು ನುಂಗಿಕೊಂಡರು. ಮಕ್ಕಳನ್ನು ಯಾರೂ ಕೇಳಲಿಲ್ಲ. ಆದ್ದರಿಂದ ಪಾದ್ರಿಯ ಕುಟುಂಬವು ಊರಿಗೆ ಮರಳಿತೆಂಬಾಗ, ಒಡೆದು ಬೇರೆ ಬೇರೆಯಾದ ಮನೆಯ ಚೂರುಗಳನ್ನು ಕೂಡಿಸುವ ಕೆಲಸವೂ ಅದರಲ್ಲಿ ಸೇರಿರುತ್ತಿತ್ತು.

ಇನ್ನು ಊರಿನ ಸಭೆಯು ಅವರನ್ನು ಹೇಗೆ ಬರಮಾಡಿಕೊಂಡಿತು? ವ್ಯುರ್ಟೆಂಬರ್ಗದಲ್ಲಿ ಸಂಸ್ಥಾನದ ಅಧಿಕೃತ ಸಭೆಯೊಂದಿತ್ತು. ಅದರೊಳಗೆಯೇ ಮನೆಮನೆಗಳಲ್ಲಿ ಕೂಡಿ ಬೈಬಲನ್ನು ಓದಿ ಪ್ರಾರ್ಥಿಸುವ ಭಕ್ತಜನರ ಕೂಟಗಳಿದ್ದವು. ಮಿಶನಕ್ಕೆ ಹಣವೂ ಜನವೂ ಒದಗುತ್ತಿದ್ದದ್ದು ಈ ಭಕ್ತಕೂಟಗಳಿಂದ. ೧೮೫೫ರಿಂದ ಪ್ರತಿಯೊಬ್ಬ ಅಭಿಮಾನಿಯೂ ವಾರಕ್ಕೊಮ್ಮೆ ಅರ್ಧ ಬಾಟ್ಜೆನ್ ಎಂಬ ಕಿರುನಾಣ್ಯವನ್ನು ಕೊಡುವ ಸಂಗ್ರಹವು ಆರಂಭವಾಯಿತು. ನಮ್ಮಲ್ಲಿ ಮುಷ್ಟಿಧಾನ್ಯವನ್ನು ಕೂಡಹಾಕುವ ರೀತಿಯೇ ಅದು. ಒಕ್ಕಲಿಗನೂ ನೇಕಾರನೂ ದಾಸಿಯೂ ಕೊಟ್ಟ ಆ ಕಾಸುಗಳಿಂದ ಮಂಗಳೂರಿನ ಶಾಲೆ ನಡೆಯಿತು. ಹೀಗೆ ಕಾಸು ಕೊಟ್ಟವರಿಗೆ ಕಥೆಯು ಬೇಕಾಗಿತ್ತು. ಮರಳಿದ ಪಾದ್ರಿಯನ್ನು ಊರೂರಿಗೆ ಕರೆದು ಮಿಶನದ ಹಬ್ಬಗಳಲ್ಲಿ ನಿಲ್ಲಿಸಿ ಕೇಳುತ್ತಿದ್ದರು. ಅವರು ಕೇಳಬಯಸಿದ್ದು ವಿಗ್ರಹ, ಹಾವು, ಹುಲಿ, ಕತ್ತಲೆಯಿಂದ ಬೆಳಕಿಗೆ ಬಂದ ಒಬ್ಬಿಬ್ಬರ ವೃತ್ತಾಂತ. ಜೈಮಿನಿ ಭಾರತದ ಷಟ್ಪದಿಯ ಬೆಡಗನ್ನೋ ದಾಸರ ಪದಗಳ ಭಕ್ತಿಯನ್ನೋ ಹೇಳಹೊರಟರೆ ಆ ಕೂಟದಲ್ಲಿ ಕಿವಿಗೊಡುವವರು ಎಷ್ಟು ಮಂದಿ?

ಸಂಸ್ಥಾನದ ಸಭೆಯ ಬಾಗಿಲು ಇನ್ನೂ ಇಕ್ಕಟ್ಟಾಗಿತ್ತು. ಅಲ್ಲಿ ಪಾದ್ರಿಯಾಗುವವನು ವಿಶ್ವವಿದ್ಯಾಲಯದಲ್ಲಿ ದೇವಶಾಸ್ತ್ರವನ್ನು ಓದಿ ಪರೀಕ್ಷೆಯನ್ನು ಕೊಟ್ಟಿರಬೇಕು. ಬಾಸೆಲಿನ ಮಿಶನ್ ಶಾಲೆಯಲ್ಲಿ ಕಲಿತವರಲ್ಲಿ ಹೆಚ್ಚಿನವರು ರೈತರ, ಕುಶಲಕರ್ಮಿಗಳ ಮಕ್ಕಳು. ಅವರಿಗೆ ಈ ಯೋಗ್ಯತಾಪತ್ರವಿರಲಿಲ್ಲ. ಇಲ್ಲಿ ಇಡೀ ಒಂದು ಜಿಲ್ಲೆಯ ಸಭೆಗಳನ್ನು ನಡೆಯಿಸಿದವನಿಗೆ ಅಲ್ಲಿ ಒಂದು ಹಳ್ಳಿಯ ಉಪದೇಶಪೀಠವೂ ಸುಲಭವಾಗಿ ಸಿಕ್ಕುವಂತಿರಲಿಲ್ಲ. ಇಲ್ಲಿ ‘ದೊರೆ’ ಎನಿಸಿಕೊಂಡಿದ್ದವನು ಅಲ್ಲಿ ಮತ್ತೆ ಹಿಂದಿನ ನೇಕಾರನ ಮಗನೇ.

ಈ ಪೀಠಿಕೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮೂವರ ಸಂಸಾರಗಳನ್ನು ನೋಡೋಣ.

ಮೊದಲನೆಯವರು ಹೆರ್ಮನ್ ಮೊಗ್ಲಿಂಗರು. ೧೮೧೧ರಲ್ಲಿ ಹುಟ್ಟಿ, ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ ಓದಿ, ೧೮೩೬ರಲ್ಲಿ ಇಲ್ಲಿಗೆ ಬಂದ ಇವರು ೧೮೪೩ರ ಜುಲೈ ೧ರಂದು ‘ಮಂಗಳೂರು ಸಮಾಚಾರ’ವನ್ನು ಹೊರಡಿಸಿ ಕನ್ನಡದ ಪತ್ರಿಕೋದ್ಯಮಕ್ಕೆ ಮೊದಲಿಗರಾದರು. ಮರುವರ್ಷವೇ ಆ ಪತ್ರಿಕೆಯು ನಮ್ಮ ನೆರೆಯ ಬಳ್ಳಾರಿಯಲ್ಲಿ ಅಚ್ಚಾಗತೊಡಗಿತೆಂಬದನ್ನು ನಮ್ಮ ಸೀಮೆಯವರು ಮರೆಯಬಾರದು. ೧೮೪೮ರಿಂದ ೧೮೫೩ರ ವರೆಗೆ ‘ಬಿಬ್ಲಿಯೊಥೆಕ ಕರ್ನಾಟಿಕ’ ಎಂಬ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮುಂತಾದ ಗ್ರಂಥಗಳನ್ನು ಕಲ್ಲಚ್ಚಿನಲ್ಲಿ ತೆಗೆದರು. ಇದರಲ್ಲಿ ಅವರ ಜತೆಗಾರರಾಗಿದ್ದವರು ಅವರ ಬಂಧುಗಳಾದ ವೈಗಲೆಯವರು. ವೈಗಲೆಯವರು ೧೮೫೫ರಲ್ಲಿ ತೀರಿಕೊಂಡ ಮೇಲೆ ಅವರ ವಿಧವೆಯಾದ ಪೌಲೀನೆಯವರನ್ನು ಮೊಗ್ಲಿಂಗರು ಮದುವೆಯಾದರು. ಆಗ ಅವರು ಕೊಡಗಿನಲ್ಲಿದ್ದರು. ಅಲ್ಲಿಯ ಹೊಲೆಯರಿಗಾಗಿ ಆನಂದಪುರವೆಂಬ ನೆಲೆಯನ್ನು ಕಟ್ಟುವದರಲ್ಲಿ ಅವರ ಮನವೆಲ್ಲ ನೆಟ್ಟಿತ್ತು. ಕನ್ನಡದ ಸೇವೆಗಾಗಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯವು ೧೮೫೮ರಲ್ಲಿ ಅವರಿಗೆ ಡಾಕ್ಟರ್ ಪದವಿಯನ್ನು ಕೊಟ್ಟಿತು.

ಎರಡೇ ವರ್ಷಗಳಲ್ಲಿ, ೧೮೬೦ರಲ್ಲಿ, ಹೆಂಡತಿಯ ಕಾಯಿಲೆಯ ದೆಸೆಯಿಂದ ಅವರು ಕೊಡಗನ್ನು ಬಿಡಬೇಕಾಯಿತು. ಆಗ ಅವರಿಗೆ ವಯಸ್ಸು ನಾಲ್ವತ್ತೊಂಬತ್ತು. ಇನ್ನು ಇಪ್ಪತ್ತು ವರ್ಷ ದುಡಿಯಬಹುದಾಗಿದ್ದ ದೇಹವದು. ಆ ಇಪ್ಪತ್ತು ವರ್ಷಗಳೂ ಜರ್ಮನಿಯಲ್ಲಿಯೇ ಕಳೆದವು. ಆದರೆ ಕೈ ಸುಮ್ಮನಿರಲಿಲ್ಲ. ಕನ್ನಡ ದಾಸರ ಪದಗಳನ್ನು ಜರ್ಮನ್ ಭಾಷೆಗೆ ತಂದು ಅಲ್ಲಿಯ ಪ್ರಾಚ್ಯವಿದ್ಯಾ ಪತ್ರಿಕೆಯಲ್ಲಿ ಪ್ರಕಟಿಸಿದರು. ೧೮೬೬ರಲ್ಲಿ ವೈಟ್‌ಬ್ರೆಖ್ಟ್ ಎಂಬವರೊಡನೆ ಕೊಡಗಿನ ನಾಡನ್ನೂ ಅಲ್ಲಿಯ ಮಿಶನವನ್ನೂ ಕುರಿತ ಗ್ರಂಥವನ್ನು ಹೊರತಂದರು. ಕಾಣಲಾಗದ ಬೆಟ್ಟಗಳನ್ನು ಕಾಗದದ ಮೇಲೆ ಬರೆದುಕೊಂಡರು. ೧೮೮೧ರಲ್ಲಿ ಎಸ್ಲಿಂಗೆನ್ ಪಟ್ಟಣದಲ್ಲಿ ತೀರಿಕೊಂಡರು. ಮರುವರ್ಷ ಅವರ ಜೀವನಚರಿತ್ರೆಯು ಹೊರಬಿದ್ದಿತು. ಅದನ್ನು ಬರೆದವರು ಅವರ ಹಳೆಯ ಗೆಳೆಯರಾದ ಗುಂಡರ್ಟರು. ಮೊಗ್ಲಿಂಗರ ಬಾಳಿನ ಅರ್ಥವನ್ನು ತಿಳಿದು ಬರೆಯಬಲ್ಲವನು ತಾನೂ ಮರಳಿಬಂದ ಇನ್ನೊಬ್ಬನೇ ಆಗಬೇಕಾಯಿತು.

ಈ ಗುಂಡರ್ಟರದೇ ಎರಡನೆಯ ಸಂಸಾರ. ಇವರು ಮಲೆಯಾಳದ ಪಂಡಿತರೆಂದು ಪ್ರಸಿದ್ಧರಾದರೂ ಕನ್ನಡ ಕರಾವಳಿಗೂ ಪರಕೀಯರಲ್ಲ. ೧೮೫೭ರಿಂದ ೧೮೫೯ರ ವರೆಗೆ ಮಲಬಾರ ಮತ್ತು ಕೆನರಾ ಜಿಲ್ಲೆಗಳ ಶಾಲೆಗಳ ಪರೀಕ್ಷಾಧಿಕಾರಿಗಳಾಗಿದ್ದರು. ೧೮೩೬ರಲ್ಲಿ ಬಂದವರು ೧೮೩೮ರಲ್ಲಿ ಜೂಲಿ ದ್ಯುಬ್ವಾ ಎಂಬ ಫ್ರೆಂಚ್ ಮಾತಿನ ಸ್ವಿಸ್ ಮಹಿಳೆಯನ್ನು ಮದುವೆಯಾಗಿ, ಮರುವರ್ಷ ತಲಚೇರಿಯಲ್ಲಿ ನೆಲೆಸಿದರು. ಮಗಳು ಮಾರಿ ಅಲ್ಲಿಯೇ ೧೮೪೨ರಲ್ಲಿ ಹುಟ್ಟಿದಳು. ೧೮೪೦ರ ದಶಕದ ನಡುವೆ ಗುಂಡರ್ಟ ದಂಪತಿಗಳು ಯುರೋಪಿಗೆ ಹೋಗಿ ಮರಳುವಾಗ, ಇನ್ನೂ ಐದು ತುಂಬದ ಈ ಹುಡುಗಿಯನ್ನೂ ಅವಳ ಅಣ್ಣಂದಿರನ್ನೂ ಅಲ್ಲಿಯೇ ಬಿಟ್ಟುಬಂದರು. ಅವಳು ತಂದೆತಾಯಿಗಳನ್ನು ಮತ್ತೆ ಕಂಡದ್ದು ೧೮೫೭ರಲ್ಲಿ, ಹದಿನೈದು ವರ್ಷದವಳಾಗಿ ಈ ದೇಶಕ್ಕೆ ಬಂದಾಗ. ಮಗಳು ಬಂದು ಮನೆಯು ಕೂಡುವಷ್ಟರಲ್ಲಿ ತಂದೆಯ ಆರೋಗ್ಯವು ಕೆಟ್ಟಿತು. ೧೮೫೯ರಲ್ಲಿ ಗುಂಡರ್ಟರು ಯುರೋಪಿಗೆ ಮರಳಿದರು; ಹಿಂದಿನಿಂದ ಹೆಂಡತಿಯೂ ಮಗಳೂ ಹೋದರು.

ಅವರಿಗೆ ನೆಲೆಯು ಸಿಕ್ಕಿದ್ದು ಕಾಲ್ವ್ ಎಂಬ ಸಣ್ಣ ಊರಿನಲ್ಲಿ. ಕಪ್ಪು ಕಾಡೆಂದು ಹೆಸರಾದ ಅರಣ್ಯಪ್ರದೇಶದಲ್ಲಿ ನಾಗೋಲ್ಡ್ ಹೊಳೆಯ ದಂಡೆಯ ಮೇಲಿರುವ ಊರದು. ಅಲ್ಲಿ ಬಾರ್ಟ್ ಎಂಬ ಪಾದ್ರಿಯವರು ಧಾರ್ಮಿಕ ಪುಸ್ತಕಗಳನ್ನೂ ಮಿಶನದ ಪತ್ರಿಕೆಗಳನ್ನೂ ಪ್ರಕಟಿಸುವ ಸಂಘವೊಂದನ್ನು ನಡೆಸುತ್ತಿದ್ದರು. ಗುಂಡರ್ಟರು ಅವರಿಗೆ ಸಹಾಯಕರಾದರು; ೧೮೬೨ರಲ್ಲಿ ಬಾರ್ಟರು ತೀರಿಕೊಂಡ ಮೇಲೆ ಆ ಸಂಘದ ಮುಖ್ಯಸ್ಥರಾದರು. ಇದಕ್ಕಿಂತ ತಕ್ಕ ಸ್ಥಾನವು ಮರಳಿದ ಪಾದ್ರಿಗೆ ಸಿಕ್ಕುವದು ದುರ್ಲಭ. ಜಗತ್ತಿನ ಎಲ್ಲ ಮಿಶನಗಳ ಸುದ್ದಿಯು ಅವರ ಮೇಜಿನ ಮೇಲೆ ಬಂದು ಬೀಳುತ್ತಿತ್ತು. ಮಲೆಯಾಳದ ಕೆಲಸವನ್ನೂ ಅವರು ಬಿಡಲಿಲ್ಲ. ಹನ್ನೆರಡು ವರ್ಷ ಕಾಲ್ವಿನಲ್ಲಿ ಕುಳಿತು ಮುಗಿಸಿದ ಮಲೆಯಾಳದ ದೊಡ್ಡ ಪದಕೋಶವು ೧೮೭೨ರಲ್ಲಿ ನಮ್ಮ ಮಂಗಳೂರಿನಲ್ಲಿ ಅಚ್ಚಾಯಿತು. ದೇಹವು ಕಾಲ್ವಿನಲ್ಲಿ, ಮನಸ್ಸು ತಲಚೇರಿಯಲ್ಲಿ, ಅಚ್ಚಿನ ಮೊಳೆಗಳು ಮಂಗಳೂರಿನಲ್ಲಿ! ಈ ಮೂರು ಊರುಗಳ ನಡುವಿನ ಓಡಾಟವೇ ಅವರನ್ನು ಕಾಲ್ವಿನಲ್ಲಿ ನೆಲೆಯೂರಿಸಿತು.

ಆದರೆ ಒಬ್ಬನು ನೆಲೆಯೂರಿದನೆಂದರೆ ಮನೆಯೆಲ್ಲ ನೆಲೆಯೂರಿದಂತಲ್ಲ. ಜೂಲಿಯಮ್ಮನವರು ಎಳೆವಯಸ್ಸಿನಿಂದ ದುಡಿದದ್ದು ಹಿಂದುಸ್ಥಾನದಲ್ಲಿ. ಆಡುವ ಮಾತು ಫ್ರೆಂಚ್. ಸುತ್ತಮುತ್ತಲಿನ ಜನರದು ಸ್ವಾಬಿಯ ಸೀಮೆಯ ಜರ್ಮನ್. ಗುಂಡರ್ಟರು ಹುಟ್ಟಿದ ಸಂಸ್ಥಾನಕ್ಕೆ ಮರಳಿದ್ದರು. ಅವರ ಹೆಂಡತಿಯು ಮರಳಿದ್ದಲ್ಲ. ಎರಡನೆಯ ಸಲ ಪರದೇಶಕ್ಕೆ ಹೋದದ್ದು. ೧೮೮೫ರಲ್ಲಿ ಅವರು ಅಲ್ಲಿಯೇ ಕಣ್ಣುಮುಚ್ಚಿದರು. ಮಿಶನರಿಗಳ ಚರಿತ್ರೆಯಲ್ಲಿ ‘ತಾಯ್ನಾಡಿಗೆ ಮರಳಿದರು’ ಎಂದು ಬರೆಯುವಾಗ ಆ ತಾಯ್ನಾಡು ಯಾರದೆಂಬ ಪ್ರಶ್ನೆಯನ್ನು ಕೇಳದೆ ಹೋಗುವದು ನ್ಯಾಯವಲ್ಲ.

ಮಗಳು ಮಾರಿಯ ಬಾಳು ಇನ್ನೂ ಅಲೆದಾಡಿತು. ೧೮೬೫ರಲ್ಲಿ ಚಾರ್ಲ್ಸ್ ಇಸೆನ್‌ಬರ್ಗ್ ಎಂಬ ಪಾದ್ರಿಯವರನ್ನು ಮದುವೆಯಾಗಿ ಸಿಂಧಪ್ರಾಂತದ ಹೈದರಾಬಾದಿಗೆ ಹೋದರು. ಗಂಡನಿಗೆ ರೋಗ ತಗಲಿ ಯುರೋಪಿಗೆ ಮರಳಿದರು. ಅಲ್ಲಿ ೧೮೭೦ರಲ್ಲಿ ವಿಧವೆಯಾದರು. ಇಬ್ಬರು ಗಂಡುಮಕ್ಕಳನ್ನು ಕಟ್ಟಿಕೊಂಡು ತಂದೆಯ ಊರಿಗೆ ಬಂದು, ಕಾಲ್ವಿನ ಶಾಲೆಯಲ್ಲಿ ಇಂಗ್ಲೀಷ ಕಲಿಸಿ ಜೀವನ ಸಾಗಿಸಿದರು. ಅದೇ ಹೊತ್ತಿಗೆ ಮಂಗಳೂರಿನಲ್ಲಿ ಯೊಹಾನ್ನೆಸ್ ಹೆಸ್ಸೆ ಎಂಬ ತರುಣ ಪಾದ್ರಿಯವರಿದ್ದರು. ಎಸ್ಟೋನಿಯದಲ್ಲಿ ಹುಟ್ಟಿದ ಇವರು ರಶಿಯದ ಪ್ರಜೆ. ೧೮೬೯ರಲ್ಲಿ ಬಂದು ಮಂಗಳೂರಿನ ಸೆಮಿನರಿಯಲ್ಲಿ ಕಲಿಸುತ್ತಿದ್ದರು. ನಾಲ್ಕೇ ವರ್ಷಗಳಲ್ಲಿ ಇಲ್ಲಿಯ ಹವೆಯು ಅವರ ಶರೀರವನ್ನು ಹಣ್ಣುಮಾಡಿತು, ೧೮೭೩ರಲ್ಲಿ ಮರಳಿದರು. ಮಿಶನವು ಅವರನ್ನು ಗುಂಡರ್ಟರಿಗೆ ಸಹಾಯಕರನ್ನಾಗಿ ಕಾಲ್ವಿಗೆ ಕಳಿಸಿತು. ೧೮೭೪ರಲ್ಲಿ ಅವರಿಗೂ ಮಾರಿಯವರಿಗೂ ಮದುವೆಯಾಯಿತು. ಕರಾವಳಿಯ ಸೆಕೆಯಿಂದ ಹೊರಬಿದ್ದ ಇಬ್ಬರು ಕಾಡಿನ ಊರೊಂದರಲ್ಲಿ ಕೂಡಿಕೊಂಡರು.

ಈ ಮನೆಯ ವಿಚಿತ್ರವನ್ನು ಊಹಿಸಿರಿ. ಅಜ್ಜಿಯದು ಫ್ರೆಂಚ್, ತಂದೆಯದು ಬಾಲ್ಟಿಕ್ ಸೀಮೆಯ ಶುದ್ಧ ಗ್ರಾಂಥಿಕ ಜರ್ಮನ್, ಊರಿನದು ಸ್ವಾಬಿಯ ಆಡುಮಾತು. ಅಜ್ಜನೂ ತಾಯಿಯೂ ಒಮ್ಮೊಮ್ಮೆ ಮಕ್ಕಳಿಗೆ ತಿಳಿಯದ ಮಲೆಯಾಳದ ಮಾತನಾಡುವರು. ಗಾಜಿನ ಕಪಾಟಿನಲ್ಲಿ ಹಿಂದುಸ್ಥಾನದಿಂದ ತಂದ ಚಿಕ್ಕದೊಂದು ನರ್ತಿಸುವ ದೇವತಾಮೂರ್ತಿ. ದಿನಕ್ಕೆ ಎರಡು ಹೊತ್ತು ಕ್ರೈಸ್ತ ಪ್ರಾರ್ಥನೆ. ಪ್ರಜೆತನದಲ್ಲಿಯೂ ಒಕ್ಕಟ್ಟಿಲ್ಲ. ೧೮೮೧ರಲ್ಲಿ ಮಿಶನದ ಕೆಲಸಕ್ಕಾಗಿ ಕುಟುಂಬವು ಬಾಸೆಲಿಗೆ ಹೋಯಿತು. ೧೮೮೩ರಲ್ಲಿ ಸ್ವಿಸ್ ಪ್ರಜೆಗಳಾದರು. ೧೮೮೬ರಲ್ಲಿ ಮತ್ತೆ ಕಾಲ್ವಿಗೆ ಬಂದರು. ಬಾಸೆಲಿನಲ್ಲಿದ್ದಾಗ ಏಳರ ಹರೆಯದ ಮಗನನ್ನು ಹಿಡಿತಕ್ಕೆ ತರಲು ಮಿಶನದ ಬಾಲಕರ ಮನೆಯಲ್ಲಿಯೇ ಇಟ್ಟರು. ಸಮುದ್ರದಾಚೆಯ ತಂದೆತಾಯಿಗಳ ಮಕ್ಕಳಿಗಾಗಿ ಕಟ್ಟಿದ ಆ ಮನೆಯಲ್ಲಿ, ಅದೇ ಪಟ್ಟಣದಲ್ಲಿದ್ದ ತಂದೆತಾಯಿಗಳ ಮಗುವು ಆದಿತ್ಯವಾರಕ್ಕೊಮ್ಮೆ ಮನೆಗೆ ಬರುತ್ತ ಬೆಳೆಯಿತು. ತಾಯಿಯು ತನ್ನ ಬಾಲ್ಯದಲ್ಲಿ ಅನುಭವಿಸಿದ ಅಗಲಿಕೆಯೇ ಮಗನ ಪಾಲಿಗೂ ಬಂದಿತು. ರೂಢಿಯು ಅದರ ಕಾರಣವು ತೀರಿದ ಮೇಲೂ ಬದುಕಿರುವದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಆ ಮಗನೇ ಮುಂದೆ ೧೯೪೬ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಹೆರ್ಮನ್ ಹೆಸ್ಸೆ. ಊರಿನ ಸಭೆಯಲ್ಲಿ ಕುಟುಂಬವು ಬೇರುಬಿಡಬೇಕಾದರೆ ಮಗನು ಅಲ್ಲಿಯ ಪಾದ್ರಿಯಾಗಬೇಕೆಂಬದು ಮನೆಯವರ ಆಶೆ. ಸರಕಾರಿ ಖರ್ಚಿನಿಂದ ದೇವಶಾಸ್ತ್ರವನ್ನು ಓದಲು ಸಂಸ್ಥಾನದ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಪರೀಕ್ಷೆಗೆ ಕೂಡಲು ವ್ಯುರ್ಟೆಂಬರ್ಗದ ಪ್ರಜೆಯಾಗಿರಬೇಕು. ಅದಕ್ಕಾಗಿ ಮನೆಯಲ್ಲಿ ಆ ಹುಡುಗನೊಬ್ಬನ ಪ್ರಜೆತನವನ್ನು ಬದಲಿಸಿದರು. ೧೮೯೧ರಲ್ಲಿ ಪರೀಕ್ಷೆಯನ್ನು ದಾಟಿ, ಅಜ್ಜನು ಓದಿದ್ದ ಮೌಲ್ಬ್ರೊನ್ ಮಠದ ಶಾಲೆಯನ್ನೇ ಸೇರಿದನು. ೧೮೯೨ರ ಮಾರ್ಚಿಯಲ್ಲಿ ಅಲ್ಲಿಂದ ಓಡಿಹೋದನು. ಆ ಬಳಿಕ ಪಾದ್ರಿಗಳು ನಡೆಸುತ್ತಿದ್ದ ಆಶ್ರಮಗಳಲ್ಲಿ ಅವನನ್ನು ಇಟ್ಟು ನೋಡಿದರು. ಹುಡುಗನು ಪ್ರಾಣದ ಮೇಲೆ ಬೇಸತ್ತ ದಿನಗಳವು. ಗಟ್ಟಿಯಾಗಿ ಗದರಿಸದೆ ನಗೆಮಾತಿನಿಂದ ಅವನನ್ನು ಎದುರುಗೊಂಡವರು ಮುದುಕರಾದ ಗುಂಡರ್ಟರೇ ಎಂದು ಅವನು ಮುಂದೆ ಬರೆದಿದ್ದಾನೆ. ಮನೆಯೆಲ್ಲ ಹೆದರಿದಾಗ ಹೆದರದವರು, ತಾವೂ ಒಮ್ಮೆ ಊರುಬಿಟ್ಟು ಹೋಗಿದ್ದ ಆ ಅಜ್ಜನೊಬ್ಬರು.

೧೮೯೩ರಲ್ಲಿ ಗುಂಡರ್ಟರು ತೀರಿಕೊಂಡರು; ಅಳಿಯಂದಿರಾದ ಯೊಹಾನ್ನೆಸ್ ಹೆಸ್ಸೆಯವರು ಪ್ರಕಾಶನ ಸಂಘದ ಮುಖ್ಯಸ್ಥರಾದರು. ೧೯೦೨ರಲ್ಲಿ ಮಾರಿಯವರು ತೀರಿಕೊಂಡ ಬಳಿಕ ಅವರು ಕೋರ್ನ್‌ಟಾಲಿಗೆ ಹೋದರು. ಸಂಸ್ಥಾನದ ಸಭೆಯಿಂದ ಬೇರೆಯಾಗಿ ಬಾಳಲು ಭಕ್ತಜನರು ೧೮೧೯ರಲ್ಲಿ ರಾಜನ ಅಪ್ಪಣೆಯಿಂದ ಕಟ್ಟಿಕೊಂಡಿದ್ದ ಊರದು. ಎಸ್ಟೋನಿಯ, ಬಾಸೆಲ್, ಮಂಗಳೂರು, ಕಾಲ್ವ್ ಎಂದು ಅಲೆದ ಆ ಜೀವವು ೧೯೧೬ರಲ್ಲಿ ಅಲ್ಲಿ ಶಾಂತವಾಯಿತು. ಮಗನಾದರೋ ೧೯೧೧ರಲ್ಲಿ ತಾಯಿಯ ಜನ್ಮಭೂಮಿಯನ್ನು ಕಾಣಬೇಕೆಂದು ಹಡಗು ಹತ್ತಿದನು. ಸಿಂಹಳ, ಸಿಂಗಪುರ, ಸುಮಾತ್ರಗಳನ್ನು ಕಂಡು, ಮಲಬಾರದ ದಂಡೆಯನ್ನು ಮುಟ್ಟದೆಯೇ ದಣಿದು ಹಿಂತಿರುಗಿದನು. ಹನ್ನೊಂದು ವರ್ಷಗಳ ಬಳಿಕ, ೧೯೨೨ರಲ್ಲಿ, ಅವನು ಬರೆದ ‘ಸಿದ್ಧಾರ್ಥ’ವು ಹೊರಬಂದಿತು. ಅಜ್ಜನು ಉಪದೇಶಿಸಲು ಬಂದ ನಾಡಿನಿಂದ ಮೊಮ್ಮಗನು ಉಪದೇಶವನ್ನು ಪಡೆದಂತಾಯಿತು.

ಮೂರನೆಯವರು ಫರ್ಡಿನಂಡ್ ಕಿಟ್ಟೆಲರು. ೧೮೩೨ರಲ್ಲಿ ಹುಟ್ಟಿದ ಇವರು ಬಾಸೆಲಿನ ಮಿಶನ್ ಶಾಲೆಯಲ್ಲಿ ಕಲಿತು ೧೮೫೩ರಲ್ಲಿ ಕರ್ನಾಟಕಕ್ಕೆ ಬಂದರು. ೧೮೬೦ರಲ್ಲಿ ಮದುವೆಯಾದ ಪೌಲೀನೆ ಐತ್ ಎಂಬವರು ೧೮೬೪ರಲ್ಲಿ ತೀರಿಕೊಂಡರು. ಮುಂದೆ ಅವರ ತಂಗಿಯಾದ ಜೂಲಿಯವರನ್ನೇ ವರಿಸಿದರು. ೧೮೭೨ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ ೧೮೭೫ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನೂ ಸಂಪಾದಿಸಿ ಅಚ್ಚು ಹಾಕಿಸಿದರು. ೧೮೭೭ರಲ್ಲಿ ಊರಿಗೆ ಮರಳಿದರು. ಅಲ್ಲಿಗೆ ಅವರ ಕಥೆಯು ಮೊಗ್ಲಿಂಗರದರಂತೆಯೇ ಮುಗಿಯಬಹುದಾಗಿತ್ತು. ಆದರೆ ಪದಕೋಶವು ಮುಗಿದಿರಲಿಲ್ಲ. ಮನೆಯಲ್ಲಿ ಕುಳಿತು ಬರೆಯುವದರಿಂದಲೇ ಕನ್ನಡದ ಶಬ್ದಗಳೆಲ್ಲ ಕೈಗೆ ಬರುವಂತಿರಲಿಲ್ಲ. ಗಾದೆಯೂ ಒಕ್ಕಲುತನದ ಮಾತೂ ಹೊಲದಲ್ಲಿಯೇ ಸಿಕ್ಕಬೇಕು. ಆದುದರಿಂದ ೧೮೮೩ರಲ್ಲಿ, ಐವತ್ತು ದಾಟಿದ ವಯಸ್ಸಿನಲ್ಲಿ, ಮತ್ತೆ ಹಡಗು ಹತ್ತಿ ಬಂದರು. ಒಂಬತ್ತು ವರ್ಷ ದುಡಿದು ೧೮೯೨ರಲ್ಲಿ ಕಡೆಯ ಸಲ ಹಿಂತಿರುಗಿ ಟ್ಯೂಬಿಂ‌ಗೆನ್ ಪಟ್ಟಣದಲ್ಲಿ ನೆಲೆಸಿದರು.

ಸುಮಾರು ೭೦,೦೦೦ ಶಬ್ದಗಳ ಆ ಮಹಾಕೋಶವು ೧೮೯೪ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದಾಗ ಅದರ ಕರ್ತೃವು ಸಾವಿರಾರು ಮೈಲು ದೂರದಲ್ಲಿದ್ದರು. ೧೮೯೬ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯವು ಅವರಿಗೂ ಡಾಕ್ಟರ್ ಪದವಿಯನ್ನಿತ್ತು ಗೌರವಿಸಿತು. ಆ ಪಟ್ಟಣದಲ್ಲಿ ವಿದ್ವಾಂಸರಿಗೆ ಕೊರತೆಯಿರಲಿಲ್ಲ. ಕನ್ನಡದಲ್ಲಿ ಮಾತನಾಡಿಸುವವರು ಮಾತ್ರ ದುರ್ಲಭರಾಗಿದ್ದರು. ಆದರೂ ಮುದುಕರು ಕೈಯನ್ನು ಕಟ್ಟಿ ಕೂಡ್ರಲಿಲ್ಲ. ಕನ್ನಡದ ವ್ಯಾಕರಣವೊಂದನ್ನು ಇಂಗ್ಲೀಷಿನಲ್ಲಿ ಬರೆದು ಮಂಗಳೂರಿಗೆ ಕಳಿಸಿದರು. ಅದು ೧೯೦೩ರಲ್ಲಿ ಅಚ್ಚಾಯಿತು. ಅದೇ ವರ್ಷದ ದಶಂಬರದಲ್ಲಿ ಅವರು ತೀರಿಕೊಂಡರು. ೧೮೯೫ರಿಂದ ೧೮೯೯ರ ವರೆಗೆ ಅದೇ ಟ್ಯೂಬಿಂಗೆನ್ನಿನ ಪುಸ್ತಕದಂಗಡಿಯೊಂದರಲ್ಲಿ ತರುಣ ಹೆರ್ಮನ್ ಹೆಸ್ಸೆಯು ಉಮೇದುವಾರಿ ಮಾಡುತ್ತಿದ್ದನು. ಕನ್ನಡದ ಕೋಶಕಾರರೂ, ಮಂಗಳೂರಿನ ಸೆಮಿನರಿಯಲ್ಲಿ ಕಲಿಸಿದವರ ಮಗನೂ ಒಂದೇ ಊರಿನ ಬೀದಿಗಳಲ್ಲಿ ನಡೆದಾಡಿದ ವರ್ಷಗಳವು.

ಈ ಮೂವರೂ ತಮ್ಮ ತಮ್ಮ ಸಂಕಟದಿಂದಾದರೂ ತಾವೇ ಹೊರಟುಹೋದವರು. ಮುಂದಿನ ಪೀಳಿಗೆಗೆ ಆ ಸ್ವಾತಂತ್ರ್ಯವೂ ಉಳಿಯಲಿಲ್ಲ. ೧೯೧೪ರಲ್ಲಿ ಮಹಾಯುದ್ಧವು ಹತ್ತಿತು. ಜರ್ಮನ್ ಪಾದ್ರಿಗಳು ಇಂಗ್ಲೀಷ ಸರಕಾರದ ಕಣ್ಣಿಗೆ ಶತ್ರುದೇಶದ ಪ್ರಜೆಗಳಾದರು. ಯುದ್ಧಕ್ಕೆ ತಕ್ಕ ವಯಸ್ಸಿನ ಗಂಡಸರನ್ನು ಅಹಮದನಗರದ ಶಿಬಿರದಲ್ಲಿಯೂ, ಹೆಂಗಸರನ್ನೂ ಮಕ್ಕಳನ್ನೂ ಬೆಳಗಾವಿಯಲ್ಲಿಯೂ ಇಟ್ಟರು. ೧೯೧೫–೧೬ರಲ್ಲಿ ಹೆಂಗಸರನ್ನೂ ಮಕ್ಕಳನ್ನೂ ಮುದುಕರನ್ನೂ ಯುರೋಪಿಗೆ ಸಾಗಿಸಿದ ಹಡಗಿನ ಹೆಸರು ‘ಗೋಲ್ಕೊಂಡಾ’. ನಿಜಾಮ ಸೀಮೆಯಲ್ಲಿ ಬೆಳೆದ ನಮಗೆ ಆ ಹೆಸರು ವೈಭವವನ್ನು ನೆನಪಿಗೆ ತರುವದು. ಅವರಿಗೆ ಅದು ವಿಯೋಗದ ಹೆಸರಾಯಿತು. ಹೆಂಡತಿ ಮಕ್ಕಳು ಹಡಗಿನಲ್ಲಿ, ಗಂಡನು ತಂತಿಬೇಲಿಯ ಒಳಗೆ. ಕೆಲವು ಮಕ್ಕಳು ಎಂದೂ ಕಾಣದ ‘ತಾಯ್ನಾಡಿಗೆ’ ಯುದ್ಧದ ನಡುವೆ, ಹಸಿವಿನ ಕಾಲಕ್ಕೆ ಹೋಗಿ ಇಳಿದರು. ಇಲ್ಲಿ ಜರ್ಮನರೆಂದು ಹೊರಹಾಕಿಸಿಕೊಂಡವರು ಅಲ್ಲಿ ಹಿಂದುಸ್ಥಾನದಿಂದ ಬಂದವರೆನಿಸಿಕೊಂಡರು. ಹಂಚಿನ ಕಾರಖಾನೆಗಳೂ ವ್ಯಾಪಾರವೂ ಮಿಶನದ ಕೈತಪ್ಪಿ ಕಾಮನ್‌ವೆಲ್ತ್ ಟ್ರಸ್ಟಿನ ವಶವಾದವು. ಇಲ್ಲಿಯ ಸಭೆಗಳು ತಂದೆಯಿಲ್ಲದ ಮನೆಯಂತೆ ಕೆಲವು ಕಾಲ ಕಷ್ಟಪಟ್ಟು, ತಮ್ಮ ಹೊರೆಯನ್ನು ತಾವೇ ಹೊರುವದನ್ನು ಕಲಿತವು.

ಇಷ್ಟನ್ನು ಕೂಡಿಸಿ ನೋಡಿದರೆ ಆರಂಭದ ಮಾತು ಅರ್ಧ ನಿಜವಾಗುತ್ತದೆ. ಬಿಟ್ಟುಬಂದ ನಾಡಿನ ಕೆಲಸವನ್ನು ಹಿಡಿದುಕೊಂಡ ಗಂಡಸರು, ಗುಂಡರ್ಟರೂ ಕಿಟ್ಟೆಲರೂ, ಹೇಗೋ ನೆಲೆಯೂರಿದರು. ಮೊಗ್ಲಿಂಗರು ಅದರ ಬಲದಿಂದಲೇ ದಿನ ಕಳೆದರು. ವಿಶ್ವವಿದ್ಯಾಲಯವು ಅವರಿಗೆ ಪದವಿಗಳನ್ನು ಕೊಟ್ಟಿತು. ಊರಿನ ಸಭೆಯು ಕೊಟ್ಟದ್ದು ಹಬ್ಬದ ದಿನದ ವೇದಿಕೆ. ಹೆಂಗಸರಿಗೂ ಮಕ್ಕಳಿಗೂ ಹಿಡಿದುಕೊಳ್ಳಲು ಪದಕೋಶವಿರಲಿಲ್ಲ. ಅವರು ಎರಡು ನಾಡುಗಳ ನಡುವಿನ ಅಂತರವನ್ನು ಮೈಯಲ್ಲಿಯೇ ಹೊತ್ತರು. ಆ ಹೊರೆಯನ್ನು ಒಬ್ಬ ಮೊಮ್ಮಗನು ಸಾಹಿತ್ಯವನ್ನಾಗಿ ಮಾಡಿದನು. ಉಳಿದವರದು ಬರವಣಿಗೆಗೆ ಬಾರದೆ ಹೋಯಿತು.

ಈ ಪಾದ್ರಿಗಳ ಧರ್ಮಪ್ರಚಾರವನ್ನು ಒಪ್ಪುವದೂ ಬಿಡುವದೂ ಅವರವರ ಮನಸ್ಸಿಗೆ ಸೇರಿದ್ದು. ಅವರಿಂದ ಕನ್ನಡಕ್ಕಾದ ಉಪಕಾರವನ್ನು ಅಲ್ಲಗಳೆಯುವವರು ಯಾರೂ ಇಲ್ಲ. ಆ ಉಪಕಾರದ ಲೆಕ್ಕದಲ್ಲಿ ಒಂದು ಬಾಬು ಮಾತ್ರ ಇಂದಿಗೂ ಬರೆಯದೆ ಉಳಿದಿದೆ. ಅದು ಬಾಸೆಲಿನ ಮಕ್ಕಳ ಮನೆಯಲ್ಲಿ ತಾಯಿಯ ಕಾಗದಕ್ಕಾಗಿ ಕಾದ ಹುಡುಗರದು, ಕಾಲ್ವಿನಲ್ಲಿ ನೆರೆಹೊರೆಯವರ ಮಾತನ್ನು ತನ್ನದಾಗಿಸಿಕೊಳ್ಳಲಾರದ ಜೂಲಿಯಮ್ಮನವರದು. ತಲಚೇರಿಯಲ್ಲಿ ಗುಂಡರ್ಟರು ಕೂಡಿಸಿದ ಕೈಬರಹಗಳು ಟ್ಯೂಬಿಂಗೆನ್ನಿನ ಗ್ರಂಥಾಲಯದಲ್ಲಿ ಬಹುಕಾಲ ಯಾರ ಕಣ್ಣಿಗೂ ಬೀಳದೆ ಇದ್ದು, ೧೯೮೦ರ ದಶಕದಲ್ಲಿ ಮತ್ತೆ ಬೆಳಕಿಗೆ ಬಂದವು. ‘ಪಯ್ಯನ್ನೂರು ಪಾಟ್ಟು’ ಎಂಬ ಹಳೆಯ ಮಲೆಯಾಳ ಕಾವ್ಯವು ಉಳಿದದ್ದು ಅಲ್ಲಿಯ ಪ್ರತಿಯಿಂದಲೇ. ಹಾಗೆಯೇ ಆ ಮನೆಗಳ ಕಾಗದಪತ್ರಗಳೂ ಹೊರಬಂದು, ಹೆಂಗಸರು ಮಕ್ಕಳ ಕಥೆಯನ್ನು ಕನ್ನಡದಲ್ಲಿ ಬರೆಯುವವರು ಹುಟ್ಟಲಿ. ಕಿಟ್ಟೆಲರ ಕೋಶವನ್ನು ಬಿಚ್ಚಿದಾಗಲೆಲ್ಲ ಆ ಮನೆಗಳನ್ನೂ ನೆನೆಯುವದು ನಮ್ಮ ಋಣಕ್ಕೆ ತಕ್ಕದ್ದು.